ನೋಟಿಸಿಲ್ಲದೆ ಎದ್ದ ಒಕ್ಕಲು

ಯಲಹಂಕ ದಾಟಿ ದೊಡ್ಡಬಳ್ಳಾಪುರದ ರಸ್ತೆ ಹಿಡಿದರೂ, ಕನಕಪುರ ರಸ್ತೆಯಲ್ಲಿ ಹಾರೋಹಳ್ಳಿಯಿಂದಾಚೆ ಹೋದರೂ ಈಗ ಒಂದೇ ಬಗೆಯ ಫಲಕಗಳು ಎದುರಾಗುತ್ತವೆ: ಕಾಲು ಎಕರೆ ತೋಟ, ಬೆಣ್ಣೆಹಣ್ಣಿನ ಅಥವಾ ಶ್ರೀಗಂಧದ ಸಸಿ, ಹನಿ ನೀರಾವರಿ, ಸುತ್ತ ಬೇಲಿ, ನಿರ್ವಹಣೆಯೆಲ್ಲ ಕಂಪನಿಯದು. ಮಾರುವವರು ಇದನ್ನು ‘ಮ್ಯಾನೇಜ್ಡ್ ಫಾರ್ಮ್‌ಲ್ಯಾಂಡ್’ ಎನ್ನುತ್ತಾರೆ. ಹೀಗೆ ಕಾಲು ಕಾಲು ಎಕರೆಯಾಗಿ ತುಂಡರಿಸಿ ಮಾರಬೇಕಾದರೆ, ಅದಕ್ಕೂ ಮೊದಲು ಯಾರೋ ಒಬ್ಬರು ನಲವತ್ತೋ ಅರವತ್ತೋ ಎಕರೆಯನ್ನು ಒಂದೇ ಹರವಿನಲ್ಲಿ ಕೂಡಿಸಿಕೊಂಡಿರಬೇಕು; ಆ ಹರವು ಅದಕ್ಕೂ ಹಿಂದೆ ಹದಿನೈದಿಪ್ಪತ್ತು ಸಂಸಾರಗಳ ರಾಗಿ ಹೊಲ, ಹಿಪ್ಪುನೇರಳೆ ತೋಟ, ಕುರಿ ಮೇಯುವ ಬೀಳು ಆಗಿದ್ದಿರಬೇಕು. ಆ ಸಂಸಾರಗಳು ಎಲ್ಲಿಗೆ ಹೋದವು ಎಂಬ ಪ್ರಶ್ನೆಗೆ ಸಿಗುವ ಸಿದ್ಧ ಉತ್ತರ, ‘ಮಾರಿಕೊಂಡು ಹೋದರು’ ಎಂಬುದು. ಆ ಉತ್ತರದಲ್ಲಿ ಸುಳ್ಳಿಲ್ಲ. ಆದರೆ ಅದು ಎಷ್ಟನ್ನು ಹೇಳದೆ ಬಿಡುತ್ತದೆ ಎಂಬುದು ಈ ಬರಹದ ವಿಷಯ.

ಒಕ್ಕಲು ಎಂದರೆ ಒಂದು ನೆಲದ ಮೇಲೆ ನೆಲೆನಿಂತು ಬೇಸಾಯ ಮಾಡುವ ಸಂಸಾರ. ಅದನ್ನು ಅಲ್ಲಿಂದ ಕೀಳುವುದಕ್ಕೆ ಕನ್ನಡದಲ್ಲಿ ಒಕ್ಕಲೆಬ್ಬಿಸುವುದು ಎನ್ನುತ್ತೇವೆ. ಎಬ್ಬಿಸುವವನೊಬ್ಬ ಇದ್ದೇ ಇರುತ್ತಾನೆ ಎಂಬ ನಂಬಿಕೆ ಆ ಮಾತಿನೊಳಗೇ ಇದೆ. ಹಳೆಯ ಕಾಲಕ್ಕೆ ಅದು ಸರಿಹೊಂದುತ್ತಿತ್ತು: ಜಮೀನ್ದಾರನಿದ್ದ, ಅಣೆಕಟ್ಟು ಕಟ್ಟುವ ಸರ್ಕಾರವಿತ್ತು. ಬೃಹತ್ ಕೃಷಿ ವ್ಯವಹಾರಕ್ಕಾಗಿ ನಡೆಯುವ ಭೂಖರೀದಿಯ ತೊಡಕು ಏನೆಂದರೆ, ಅಲ್ಲಿ ಒಕ್ಕಲು ಎದ್ದಿರುತ್ತದೆ, ಎಬ್ಬಿಸಿದವರು ಮಾತ್ರ ಯಾವ ಕಾಗದದಲ್ಲೂ ಕಾಣಿಸುವುದಿಲ್ಲ.

ಈ ಖರೀದಿಯ ಜಾಗತಿಕ ರೂಪವನ್ನು ಮೊದಲು ನೋಡೋಣ. 2007–08ರಲ್ಲಿ ಅಕ್ಕಿ, ಗೋಧಿ, ಮೆಕ್ಕೆಜೋಳಗಳ ಬೆಲೆ ಜಗತ್ತಿನಾದ್ಯಂತ ಒಮ್ಮೆಗೇ ಏರಿತು. ಭಾರತವೂ ಸೇರಿದಂತೆ ಹಲವು ದೇಶಗಳು ಧಾನ್ಯದ ರಫ್ತಿಗೆ ತಡೆ ಹಾಕಿದವು. ಹಣವಿದ್ದೂ ಧಾನ್ಯ ಸಿಗದ ಪರಿಸ್ಥಿತಿ ಬರಬಹುದೆಂದು ಹೆದರಿದ ಕೊಲ್ಲಿ ರಾಷ್ಟ್ರಗಳೂ ದಕ್ಷಿಣ ಕೊರಿಯಾದಂಥ ದೇಶಗಳೂ ಧಾನ್ಯಕ್ಕೆ ಬದಲಾಗಿ ಧಾನ್ಯ ಬೆಳೆಯುವ ನೆಲವನ್ನೇ ಹುಡುಕತೊಡಗಿದವು. ಅದೇ ಹೊತ್ತಿಗೆ ಷೇರುಪೇಟೆ ಕುಸಿದು, ಹೂಡಿಕೆ ನಿಧಿಗಳಿಗೂ ಭೂಮಿಯೇ ಭದ್ರವಾದ ಆಸ್ತಿ ಎನಿಸಿತು. 2010ರಲ್ಲಿ ಹೊರಬಂದ ವಿಶ್ವಬ್ಯಾಂಕಿನ ವರದಿಯ ಪ್ರಕಾರ, 2009ರ ಕೊನೆಗೆ ಮುಂಚಿನ ಒಂದು ವರ್ಷದೊಳಗೆ ಘೋಷಣೆಯಾದ ಇಂಥ ಒಪ್ಪಂದಗಳ ಒಟ್ಟು ವಿಸ್ತೀರ್ಣ ಸುಮಾರು 5.6 ಕೋಟಿ ಹೆಕ್ಟೇರ್, ಅದರಲ್ಲಿ ಶೇ. 70ಕ್ಕೂ ಹೆಚ್ಚು ಆಫ್ರಿಕಾದಲ್ಲಿತ್ತು. ದಕ್ಷಿಣ ಕೊರಿಯಾದ ದೇವೂ ಕಂಪನಿ 2008ರಲ್ಲಿ ಮಡಗಾಸ್ಕರಿನಲ್ಲಿ 13 ಲಕ್ಷ ಹೆಕ್ಟೇರ್ ಭೂಮಿಯನ್ನು 99 ವರ್ಷಗಳ ಗುತ್ತಿಗೆಗೆ ಪಡೆಯಲಿದೆ ಎಂಬ ಸುದ್ದಿ ಅಲ್ಲಿನ ಜನರನ್ನು ಕೆರಳಿಸಿ, ಮರುವರ್ಷ ಆ ದೇಶದ ಅಧ್ಯಕ್ಷರು ಅಧಿಕಾರ ಕಳೆದುಕೊಳ್ಳಲು ಒಂದು ಕಾರಣವಾಯಿತು.

ಈ ಓಟದಲ್ಲಿ ಬೆಂಗಳೂರಿನದೂ ಒಂದು ಪಾತ್ರವಿತ್ತೆಂಬುದು ನಮ್ಮಲ್ಲಿ ಅಷ್ಟಾಗಿ ಚರ್ಚೆಯಾಗಿಲ್ಲ. ಗುಲಾಬಿಯ ರಫ್ತಿನಿಂದ ಬೆಳೆದು, ಕೀನ್ಯಾದ ನೈವಾಷಾ ಸರೋವರದ ಬಳಿ ದೊಡ್ಡ ಹೂತೋಟಗಳನ್ನು ಕೊಂಡಿದ್ದ ಬೆಂಗಳೂರಿನ ಕರುತುರಿ ಗ್ಲೋಬಲ್ ಕಂಪನಿಗೆ ಇಥಿಯೋಪಿಯಾ ಸರ್ಕಾರವು 2010ರಲ್ಲಿ ತನ್ನ ಪಶ್ಚಿಮದ ಗಡಿಯಲ್ಲಿರುವ ಗಂಬೆಲ್ಲಾ ಪ್ರಾಂತ್ಯದ 1 ಲಕ್ಷ ಹೆಕ್ಟೇರ್ ಭೂಮಿಯನ್ನು 50 ವರ್ಷಗಳ ಗುತ್ತಿಗೆಗೆ ಕೊಟ್ಟಿತು. ಕೆಲಸ ತೃಪ್ತಿಕರವಾಗಿ ನಡೆದರೆ ಅದನ್ನು 3 ಲಕ್ಷ ಹೆಕ್ಟೇರಿಗೆ ಹಿಗ್ಗಿಸುವ ಮಾತೂ ಇತ್ತು. ಒಂದು ಲಕ್ಷ ಹೆಕ್ಟೇರ್ ಎಂದರೆ ಸಾವಿರ ಚದರ ಕಿಲೋಮೀಟರ್, ಅಂದರೆ 2025ರವರೆಗೆ ಬೆಂಗಳೂರಿನ ಮಹಾನಗರ ಪಾಲಿಕೆಯಾಗಿದ್ದ ಬಿಬಿಎಂಪಿಯ ಇಡೀ ವ್ಯಾಪ್ತಿಗಿಂತ ದೊಡ್ಡದು. ಗುತ್ತಿಗೆಯ ದರ ಹೆಕ್ಟೇರಿಗೆ ವರ್ಷಕ್ಕೆ 20 ಬಿರ್, ಆಗಿನ ಲೆಕ್ಕದಲ್ಲಿ ಒಂದು ಡಾಲರಿಗಿಂತ ತುಸು ಹೆಚ್ಚು. ಆ ದರವನ್ನು ಮೊದಲ ಸಲ ಓದಿದಾಗ ನಾನು ಅಚ್ಚಿನ ತಪ್ಪಿರಬೇಕೆಂದುಕೊಂಡಿದ್ದೆ.

ಇಷ್ಟು ಅಗ್ಗಕ್ಕೆ ಅಷ್ಟು ಭೂಮಿಯನ್ನು ಕೊಡಲು ಸಾಧ್ಯವಾದದ್ದು ಹೇಗೆಂಬುದನ್ನು ತಿಳಿದರೆ ಇಡೀ ವಿಷಯದ ಅರ್ಧ ತಿಳಿದಂತೆ. ಇಥಿಯೋಪಿಯಾದಲ್ಲಿ 1975ರಲ್ಲಿ ಭೂಮಿಯ ರಾಷ್ಟ್ರೀಕರಣವಾಯಿತು. 1995ರ ಸಂವಿಧಾನವೂ ಭೂಮಿಯು ಪ್ರಭುತ್ವಕ್ಕೂ ಜನಸಮುದಾಯಗಳಿಗೂ ಸೇರಿದ್ದು, ಅದನ್ನು ಮಾರುವಂತಿಲ್ಲ ಎನ್ನುತ್ತದೆ. ಹೀಗಾಗಿ ಕಾಗದದ ಮೇಲೆ ರೈತನಿಗಿರುವುದು ಬಳಸುವ ಹಕ್ಕು ಮಾತ್ರ, ಗುತ್ತಿಗೆಗೆ ಕೊಡುವ ಹಕ್ಕು ಸರ್ಕಾರದ್ದು. ಗಂಬೆಲ್ಲಾದ ಅನುವಾಕ್ ಜನರು ನದಿಯ ದಂಡೆಯಲ್ಲಿ ನೆರೆ ಇಳಿದ ಮೇಲೆ ಮೆಕ್ಕೆಜೋಳ ಹಾಕುವವರು, ಕೆಲವು ವರ್ಷ ಉತ್ತು ಬಳಿಕ ಭೂಮಿಯನ್ನು ಬೀಳುಬಿಟ್ಟು ಬೇರೆಡೆಗೆ ಸರಿಯುವವರು, ಬರಗಾಲದಲ್ಲಿ ಕಾಡಿನ ಗೆಡ್ಡೆ, ಜೇನುಗಳಿಂದ ದಿನ ನೂಕುವವರು. ನುಯೆರ್ ಜನರು ದನ ಮೇಯಿಸುವವರು. ಇವರ ಬೇಸಾಯದಲ್ಲಿ ಬೀಳುಬಿಟ್ಟ ನೆಲವೂ ಬೇಸಾಯದ ಭಾಗವೇ. ಆದರೆ ರಾಜಧಾನಿಯ ಕಚೇರಿಯಲ್ಲಿ ಕುಳಿತು ನಕ್ಷೆ ನೋಡುವವರಿಗೆ ಅದು ‘ಖಾಲಿ ಜಾಗ’. ಅದೇ ಕಾಲದಲ್ಲಿ ಸರ್ಕಾರ ಚದುರಿದ ಹಳ್ಳಿಗಳನ್ನು ಒಂದೆಡೆ ಸೇರಿಸುವ ಯೋಜನೆಯನ್ನು ಗಂಬೆಲ್ಲಾದಲ್ಲಿ ಆರಂಭಿಸಿತು. ಶಾಲೆ, ಆಸ್ಪತ್ರೆ, ನೀರು ಒದಗಿಸಲು ಇದು ಅಗತ್ಯ, ಹೂಡಿಕೆದಾರರಿಗೆ ಭೂಮಿ ಬಿಡಿಸುವುದಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ಸರ್ಕಾರ ಹೇಳಿತು. ಸುಮಾರು 70,000 ಜನರನ್ನು ಹೀಗೆ ಸ್ಥಳಾಂತರಿಸಲಾಗುತ್ತಿದೆ, ಅದರಲ್ಲಿ ಬಲವಂತ ನಡೆದಿದೆ ಎಂದು ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ 2012ರಲ್ಲಿ ವರದಿ ಮಾಡಿತು.

ಯೋಜನೆ ಮಾತ್ರ ಕೈಗೂಡಲಿಲ್ಲ. 2011ರಲ್ಲಿ ಬಾರೋ ನದಿ ಉಕ್ಕಿ ಹರಿದು ಕಂಪನಿಯ ಬೆಳೆ ನೀರುಪಾಲಾಯಿತು. ನದಿ ಎಲ್ಲಿಯವರೆಗೆ ಬರುತ್ತದೆ ಎಂಬುದು ನೆರೆ ಇಳಿದ ಮೇಲೆ ಬಿತ್ತುವ ಆ ‘ಹಿಂದುಳಿದ’ ಬೇಸಾಯಗಾರರಿಗೆ ಗೊತ್ತಿತ್ತು. ಕೊಟ್ಟ ಭೂಮಿಯ ಅತ್ಯಲ್ಪ ಭಾಗ ಮಾತ್ರ ಸಾಗುವಳಿಗೆ ಬಂದಿದೆ ಎಂದು ಇಥಿಯೋಪಿಯಾ ಸರ್ಕಾರ 2015ರ ಡಿಸೆಂಬರಿನಲ್ಲಿ ಗುತ್ತಿಗೆಯನ್ನು ರದ್ದುಪಡಿಸಿತು. ಕಂಪನಿ ಅದನ್ನು ಒಪ್ಪಲಿಲ್ಲ. ಇದು ಒಂಟಿ ಪ್ರಸಂಗವೂ ಅಲ್ಲ: ಮೇಲೆ ಹೇಳಿದ ವಿಶ್ವಬ್ಯಾಂಕಿನ ವರದಿಯೇ, ಘೋಷಣೆಯಾದ ಒಪ್ಪಂದಗಳಲ್ಲಿ ಸುಮಾರು ಐದನೇ ಒಂದು ಪಾಲಿನಲ್ಲಿ ಮಾತ್ರ ಬೇಸಾಯ ಶುರುವಾಗಿತ್ತೆಂದು ಗುರುತಿಸಿತ್ತು. ಬೇಸಾಯ ಶುರುವಾಗದಿದ್ದರೂ ಭೂಮಿಯ ಮೇಲಿನ ಹಕ್ಕು ಕೈಬದಲಾಗಿರುತ್ತದೆ, ಕಾಡು ಸವರಿರುತ್ತದೆ, ಜನ ಚದುರಿರುತ್ತಾರೆ. ಗುತ್ತಿಗೆ ರದ್ದಾದ ಕೂಡಲೇ ಅದೆಲ್ಲ ತಾನಾಗಿ ಹಿಂದಿರುಗುವುದಿಲ್ಲ.

ಕರ್ನಾಟಕದಲ್ಲಿ ಇಂಥದ್ದು ಸಾಧ್ಯವಿಲ್ಲ ಎನ್ನುವವರ ಮಾತಿಗೆ ಗಟ್ಟಿ ಆಧಾರವಿದೆ. ಇಲ್ಲಿ ರೈತನ ಹೆಸರಿಗೆ ಪಹಣಿ ಇದೆ. 1961ರ ಭೂಸುಧಾರಣಾ ಕಾಯ್ದೆಗೆ ದೇವರಾಜ ಅರಸರ ಕಾಲದಲ್ಲಿ ಬಂದ ತಿದ್ದುಪಡಿಯಿಂದಾಗಿ 1974ರ ಮಾರ್ಚ್ 1ಕ್ಕೆ ಗೇಣಿ ಭೂಮಿಯೆಲ್ಲ ಸರ್ಕಾರಕ್ಕೆ ನಿಹಿತವಾಯಿತು. ಫಾರಂ 7 ಹಾಕಿದ ಗೇಣಿದಾರರು ಭೂನ್ಯಾಯಮಂಡಳಿಗಳ ಮುಂದೆ ನಿಂತು ಉಳುವವನೇ ಹೊಲದೊಡೆಯ ಎಂಬ ಮಾತನ್ನು ದಾಖಲೆಯಾಗಿಸಿಕೊಂಡರು. ಐದು ಜನರ ಕುಟುಂಬಕ್ಕೆ 10 ಯೂನಿಟ್ ಎಂಬ ಮಿತಿಯೂ ಆಗ ಬಂತು. ಮಳೆಯನ್ನೇ ನಂಬಿದ ‘ಡಿ’ ವರ್ಗದ ಒಣಭೂಮಿಯಾದರೆ ಅದು 54 ಎಕರೆ. ಇದರ ಜೊತೆಗೆ ಮೂರು ಬೇಲಿಗಳಿದ್ದವು. 79ಎ ಕಲಂ ಕೃಷಿಯೇತರ ಆದಾಯ ಒಂದು ಮಿತಿ ದಾಟಿದವರು ಕೃಷಿಭೂಮಿ ಕೊಳ್ಳುವುದನ್ನು ತಡೆಯುತ್ತಿತ್ತು. 79ಬಿ ಕಲಂ ಕಂಪನಿ, ಸಂಘ, ಸಂಸ್ಥೆಗಳು ಕೃಷಿಭೂಮಿ ಹೊಂದುವುದನ್ನು ನಿಷೇಧಿಸಿತ್ತು. 80ನೇ ಕಲಂ ಕೃಷಿಕರಲ್ಲದವರಿಗೆ ಮಾರಾಟ ಮಾಡುವುದನ್ನು ತಡೆದಿತ್ತು. ಆದಾಯದ ಮಿತಿಯನ್ನು 2015ರಲ್ಲಿ 2 ಲಕ್ಷದಿಂದ 25 ಲಕ್ಷ ರೂಪಾಯಿಗೆ ಏರಿಸಿದಾಗಲೇ ಮೊದಲ ಬೇಲಿ ಸಡಿಲವಾಗಿತ್ತು. 2020ರ ಜುಲೈಯಲ್ಲಿ ಸುಗ್ರೀವಾಜ್ಞೆಯ ಮೂಲಕವೂ, ಅನಂತರ ಶಾಸನಸಭೆಯ ಮೂಲಕವೂ 79ಎ, 79ಬಿ ಕಲಂಗಳನ್ನೂ ಅವಕ್ಕೆ ಸಂಬಂಧಿಸಿದ 79ಸಿ ಕಲಮನ್ನೂ ಕೈಬಿಡಲಾಯಿತು. ರಸ್ತೆಬದಿಯ ಫಲಕಗಳ ವಂಶವೃಕ್ಷ ಇಲ್ಲಿಂದ ಶುರುವಾಗುತ್ತದೆ.

ತಿದ್ದುಪಡಿಯ ಪರವಾಗಿ ಕೇಳಿಬಂದ ವಾದವನ್ನು ತಳ್ಳಿಹಾಕುವಂತಿಲ್ಲ. ಹಳೆಯ ಕಲಂಗಳು ಇದ್ದಾಗಲೂ ಜನರಲ್ ಪವರ್ ಆಫ್ ಅಟಾರ್ನಿಯ ಮೂಲಕ, ಊರಿನ ಪರಿಚಯದ ರೈತನ ಹೆಸರಿನಲ್ಲಿ, ಖರೀದಿ ನಡೆದೇ ಇತ್ತು. ಉಪವಿಭಾಗಾಧಿಕಾರಿಗಳ ಕಚೇರಿಯಲ್ಲಿ ಪ್ರಕರಣಗಳು ಬಿದ್ದಿರುತ್ತಿದ್ದವು, ಲಂಚಕ್ಕೆ ಅದೊಂದು ದಾರಿಯಾಗಿತ್ತು. ಕೊಳ್ಳುವವರ ಸಂಖ್ಯೆಯನ್ನು ಕಾನೂನು ಕಡಿಮೆ ಮಾಡಿದರೆ ರೈತನಿಗೆ ಸಿಗುವ ಬೆಲೆಯೂ ಕಡಿಮೆಯಾಗುತ್ತದೆ, ಕಷ್ಟಕಾಲದಲ್ಲಿ ಒಳ್ಳೆಯ ಬೆಲೆಗೆ ಮಾರುವ ಸ್ವಾತಂತ್ರ್ಯ ಅವನಿಗೇಕಿರಬಾರದು ಎಂಬ ಪ್ರಶ್ನೆಯೂ ನ್ಯಾಯವಾದದ್ದೇ. ನನ್ನ ತಕರಾರು ಇರುವುದು ಆ ಪ್ರಶ್ನೆಯ ಏಕವಚನದ ಮೇಲೆ. ಮಾರುವವನು ಒಬ್ಬ ರೈತನಾದರೂ ಕೊಳ್ಳುವವರಿಗೆ ಬೇಕಿರುವುದು ಒಂದು ಹರವು, ಮತ್ತು ಹರವನ್ನು ಕೂಡಿಸುವ ಕೆಲಸದಲ್ಲಿ ಮೊದಲು ಮಾರಿದವನ ಸ್ವಾತಂತ್ರ್ಯವು ಕೊನೆಗೆ ಉಳಿದವನ ಪಾಲಿಗೆ ಬಲವಂತವಾಗುತ್ತದೆ.

ಅದು ಹೇಗಾಗುತ್ತದೆ ಎಂಬುದನ್ನು ಹತ್ತಿರದಿಂದ ನೋಡಬೇಕು. ಮಧ್ಯವರ್ತಿ ಸಾಮಾನ್ಯವಾಗಿ ಅದೇ ಹೋಬಳಿಯವನು. ಯಾರ ಮನೆಯಲ್ಲಿ ಮದುವೆ ಇದೆ, ಯಾರ ಸಹಕಾರ ಸಂಘದ ಸಾಲ ಸುಸ್ತಿಯಾಗಿದೆ, ಯಾವ ಅಣ್ಣತಮ್ಮಂದಿರು ಮಾತು ಬಿಟ್ಟಿದ್ದಾರೆ ಎಂಬುದೆಲ್ಲ ಅವನಿಗೆ ಗೊತ್ತಿರುತ್ತದೆ. ಮುಂಗಡ ಕೊಟ್ಟು ಅಗ್ರಿಮೆಂಟು ಮಾಡಿಸಿಕೊಳ್ಳುವಾಗ ಅವನು ಹಿಡಿಯುವುದು ರಸ್ತೆಗೆ ತಾಗಿದ ಸರ್ವೆ ನಂಬರುಗಳನ್ನು ಮತ್ತು ನೀರಿರುವ ಜಾಗವನ್ನು. ಅವೆರಡು ಕೈಗೆ ಬಂದ ಮೇಲೆ ಒಳಗಿನ ಹೊಲಗಳಿಗೆ ಅವಸರವಿಲ್ಲ. ಬೇಲಿ ಏಳುತ್ತದೆ, ತಲೆಮಾರುಗಳಿಂದ ಗಾಡಿ ಓಡಾಡುತ್ತಿದ್ದ ಬಂಡಿದಾರಿ ಗೇಟಿನೊಳಗೆ ಸೇರುತ್ತದೆ. ಹೊಸ ತೋಟಕ್ಕೆ ಕೊರೆಸಿದ ಆಳದ ಕೊಳವೆಬಾವಿಗಳಿಂದ ಸುತ್ತಲಿನ ಹಳೆಯ ಬಾವಿಗಳು ಒಂದೆರಡು ಬೇಸಿಗೆಯಲ್ಲೇ ಉಸಿರು ಬಿಡುತ್ತವೆ. ಬೆಂಗಳೂರು ಗ್ರಾಮಾಂತರ, ಚಿಕ್ಕಬಳ್ಳಾಪುರ, ಕೋಲಾರಗಳ ಅಂತರ್ಜಲ ಮೊದಲೇ ಮಿತಿಮೀರಿ ಬಳಕೆಯಾದದ್ದು. ಮರುಕೊರೆಸುವ ಶಕ್ತಿ ಕಂಪನಿಗಿದೆ, ಒಂದೂವರೆ ಎಕರೆಯವನಿಗಿಲ್ಲ. ದಾರಿಯಿಲ್ಲದ, ನೀರಿಲ್ಲದ ಹೊಲಕ್ಕೆ ಆಗ ಸಿಗುವ ಬೆಲೆಯನ್ನು ಸಂತೆಯ ಬೆಲೆ ಎನ್ನುವುದು ಕಷ್ಟ.

ಬೇಲಿಯೊಳಗೆ ಸೇರುವುದು ಖಾಸಗಿ ಹೊಲ ಮಾತ್ರವಲ್ಲ. ಅನೇಕ ಸರ್ವೆ ನಂಬರುಗಳಲ್ಲಿ ಸಾಗುವಳಿಗೆ ಬಾರದ ಖರಾಬು ಇರುತ್ತದೆ. ಅದರಲ್ಲಿ ‘ಬಿ’ ಖರಾಬು ಎಂದರೆ ಹಳ್ಳ, ದಾರಿ, ಸ್ಮಶಾನದಂಥ ಸಾರ್ವಜನಿಕ ಬಳಕೆಯ ಜಾಗ, ಸರ್ಕಾರದ ಸ್ವತ್ತು. ನಲವತ್ತು ಎಕರೆಗೆ ಒಂದೇ ಬೇಲಿ ಬಿದ್ದಾಗ ನಡುವಿನ ಹಳ್ಳವೂ ಪಕ್ಕದ ಗೋಮಾಳದ ಅಂಚೂ ಸದ್ದಿಲ್ಲದೆ ಒಳಗಾಗುತ್ತವೆ. ಸ್ವಂತ ಹೊಲವಿಲ್ಲದೆ ನಾಲ್ಕು ಕುರಿ, ಒಂದು ಹಸುವನ್ನು ನಂಬಿದವರಿಗೆ ಆ ದಿನವೇ ಒಕ್ಕಲು ಎದ್ದಂತೆ. ಅವರು ಏನನ್ನೂ ಮಾರಿಲ್ಲ, ಯಾರಿಂದಲೂ ಹಣ ಪಡೆದಿಲ್ಲ. ಗಂಬೆಲ್ಲಾದ ‘ಖಾಲಿ ಜಾಗ’ ನೆನಪಾಗುವುದು ಇಲ್ಲಿ.

ಒಂದು ಪಹಣಿಯನ್ನು ಕೈಯಲ್ಲಿ ಹಿಡಿದರೆ ಇನ್ನೂ ಯಾರು ಯಾರು ಲೆಕ್ಕದಿಂದ ಹೊರಗುಳಿಯುತ್ತಾರೆ ಎಂಬುದು ಕಾಣುತ್ತದೆ. 9ನೇ ಕಾಲಂನಲ್ಲಿ ಕಬ್ಜೆದಾರರ ಹೆಸರು, 11ರಲ್ಲಿ ಸಾಲ, ತಡೆಯಾಜ್ಞೆ ಮುಂತಾದ ಋಣಗಳು, 12ರಲ್ಲಿ ಸಾಗುವಳಿದಾರರ ಹೆಸರು ಮತ್ತು ಬೆಳೆ. ಕ್ರಯಪತ್ರಕ್ಕೆ ಸಹಿ ಹಾಕುವುದು, ಹಣ ಎಣಿಸಿಕೊಳ್ಳುವುದು 9ನೇ ಕಾಲಂನವರು. ಹೊಲವನ್ನು ವಾರಕ್ಕೆ, ಅಂದರೆ ಫಸಲಿನ ಪಾಲಿಗೆ, ಮಾಡುತ್ತಿರುವವರ ಹೆಸರು 12ನೇ ಕಾಲಂನಲ್ಲಿ ಇರಬೇಕು, ಆದರೆ ಇರುವುದಿಲ್ಲ. ಗೇಣಿಯನ್ನೇ ಕಾನೂನು ರದ್ದುಮಾಡಿರುವಾಗ ಗೇಣಿದಾರನ ಹೆಸರು ಬರೆಸಿ ಫಜೀತಿ ತಂದುಕೊಳ್ಳುವವರು ಯಾರು? ಗೇಣಿದಾರನನ್ನು ಒಡೆಯನನ್ನಾಗಿ ಮಾಡಿದ ಅದೇ ಕಾಯ್ದೆ ಮುಂದಿನ ತಲೆಮಾರಿನ ಗೇಣಿದಾರನನ್ನು ಹೀಗೆ ಅದೃಶ್ಯನನ್ನಾಗಿಸಿತು. ಹೆಂಗಸರ ಸ್ಥಿತಿಯೂ ಬಹುಮಟ್ಟಿಗೆ ಇದೇ: 2015–16ರ ಕೃಷಿ ಗಣತಿಯಂತೆ ದೇಶದ ಹಿಡುವಳಿದಾರರಲ್ಲಿ ಹೆಂಗಸರ ಪಾಲು ಶೇ. 14ರಷ್ಟು. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯ ನಂತರ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲಿದೆಯಾದ್ದರಿಂದ ಖರೀದಿಯ ದಿನ ಅವರನ್ನು ಉಪನೋಂದಣಾಧಿಕಾರಿಯ ಕಚೇರಿಗೆ ಕರೆತರುತ್ತಾರೆ, ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಲು. ಇನ್ನು ಸರ್ಕಾರಿ ಭೂಮಿಯನ್ನು ಬಗರ್ ಹುಕುಂ ಆಗಿ, ಅಂದರೆ ಮಂಜೂರಾತಿಯಿಲ್ಲದೆ, ಉಳುತ್ತಾ ಸಕ್ರಮಕ್ಕಾಗಿ ಫಾರಂ 50, 53, 57 ಹಾಕಿ ಕಾಯುತ್ತಿರುವವರಿಗೆ ಪಹಣಿಯೇ ಇಲ್ಲ. ಪರಿಶಿಷ್ಟರಿಗೆ ಮಂಜೂರಾದ ಭೂಮಿಯೊಂದಕ್ಕೆ ಮಾತ್ರ ಕಾನೂನಿನ ಬಲವಾದ ಕಾವಲಿದೆ: 1978ರ ಪಿಟಿಸಿಎಲ್ ಕಾಯ್ದೆಯಂತೆ ಅದನ್ನು ಸರ್ಕಾರದ ಅನುಮತಿಯಿಲ್ಲದೆ ಪರಭಾರೆ ಮಾಡುವಂತಿಲ್ಲ, ಮತ್ತು ಭೂಮಿ ಮರಳಿ ಕೇಳಲು ಕಾಲಮಿತಿಯ ಅಡ್ಡಿಯಿಲ್ಲ ಎಂದು 2023ರ ತಿದ್ದುಪಡಿ ಹೇಳುತ್ತದೆ.

ಸರ್ಕಾರವೇ ಭೂಮಿ ವಶಪಡಿಸಿಕೊಳ್ಳುವಾಗ ಪರಿಸ್ಥಿತಿ ಬೇರೆ. 2014ರ ಜನವರಿ 1ರಂದು ಜಾರಿಗೆ ಬಂದ ಕೇಂದ್ರದ ಭೂಸ್ವಾಧೀನ ಕಾಯ್ದೆಯ ‘ಬಾಧಿತ ಕುಟುಂಬ’ದ ವ್ಯಾಖ್ಯೆಯಲ್ಲಿ ಮೂರು ವರ್ಷಗಳಿಂದ ಆ ಭೂಮಿಯನ್ನೇ ಜೀವನಾಧಾರ ಮಾಡಿಕೊಂಡ ಕೂಲಿಕಾರರೂ ಗೇಣಿದಾರರೂ ಪಾಲುದಾರರೂ ಸೇರುತ್ತಾರೆ, ಖಾಸಗಿ ಕಂಪನಿಗಾಗಿ ಸ್ವಾಧೀನವಾದರೆ ಭೂಮಿ ಹೊಂದಿರುವ ಬಾಧಿತ ಕುಟುಂಬಗಳಲ್ಲಿ ಕನಿಷ್ಠ ಶೇ. 80ರಷ್ಟರ ಒಪ್ಪಿಗೆ ಬೇಕು, ಸಾಮಾಜಿಕ ಪರಿಣಾಮದ ಅಧ್ಯಯನವಾಗಬೇಕು. ಅದಕ್ಕಿಂತ ಮುಖ್ಯವಾಗಿ ಅಲ್ಲಿ ಅಧಿಸೂಚನೆ ಎಂಬ ಒಂದು ಕಾಗದವಿರುತ್ತದೆ. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆಯನ್ನು ಏರೋಸ್ಪೇಸ್ ಪಾರ್ಕಿಗಾಗಿ ವಶಪಡಿಸಿಕೊಳ್ಳಲು ರಾಜ್ಯದ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ (ಕೆಐಎಡಿಬಿ) ಮುಂದಾದಾಗ, ರೈತರು ಎದುರು ನಿಲ್ಲಲು ಒಂದು ಸರ್ಕಾರವಿತ್ತು, ಹರಿದು ಹಾಕಲು ಒಂದು ನೋಟಿಸಿತ್ತು. ಮೂರು ವರ್ಷಕ್ಕೂ ಮೀರಿ ನಡೆದ ಹೋರಾಟದ ಕೊನೆಗೆ 2025ರ ಜುಲೈ 15ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ಸ್ವಾಧೀನವನ್ನು ಕೈಬಿಟ್ಟಿರುವುದಾಗಿ ಘೋಷಿಸಿದರು. ಒಂದೊಂದೇ ಕ್ರಯಪತ್ರದಿಂದ ಅಷ್ಟೇ ಎಕರೆ ಕೈಬದಲಾಗಿದ್ದರೆ ಯಾವ ಕಚೇರಿಯ ಮುಂದೆ ಧರಣಿ ಕೂರಬೇಕಿತ್ತು?

ಕಂಪನಿ ಬಂದ ಮಾತ್ರಕ್ಕೆ ಸಣ್ಣ ರೈತ ಏಳಲೇಬೇಕೆಂಬ ನಿಯಮವೇನಿಲ್ಲ. 1990ರ ದಶಕದ ಆರಂಭದಲ್ಲಿ ಕರ್ನಾಟಕದಲ್ಲಿ ಶುರುವಾದ ಮಿಡಿಸೌತೆಯ ಬೇಸಾಯ ಇದಕ್ಕೆ ಒಳ್ಳೆಯ ಉದಾಹರಣೆ: ಬೀಜ, ಗೊಬ್ಬರ, ಸಲಹೆ ಕಂಪನಿಯದು, ನೆಲ ಮತ್ತು ದುಡಿಮೆ ರೈತನದು, ಕಾಯಿ ಉಪ್ಪುನೀರಿನ ಡ್ರಮ್ಮುಗಳಲ್ಲಿ ವಿದೇಶಕ್ಕೆ. ಕೇಂದ್ರ ಸರ್ಕಾರದ 2022ರ ಮಾಹಿತಿಯಂತೆ ದೇಶದಲ್ಲಿ ಸುಮಾರು 90,000 ಸಣ್ಣ ರೈತರು 65,000 ಎಕರೆಯಲ್ಲಿ ಇದನ್ನು ಬೆಳೆಯುತ್ತಾರೆ, ಅಂದರೆ ತಲೆಗೆ ಮುಕ್ಕಾಲು ಎಕರೆಯೂ ಇಲ್ಲ. ಅಷ್ಟು ಸಣ್ಣ ತುಂಡು ಕಂಪನಿಗೆ ಲಾಭದಾಯಕವಾಗಲು ಕಾರಣ ಬೆಳೆಯ ಸ್ವಭಾವವೇ. ಚಿಕ್ಕ ಕಾಯಿಗೆ ಹೆಚ್ಚು ದರ, ಒಂದು ದಿನ ಕೀಳುವುದು ತಡವಾದರೆ ಕಾಯಿ ಬಲಿತು ದರ್ಜೆ ಇಳಿಯುತ್ತದೆ. ಮನೆಮಂದಿಯೆಲ್ಲ ಬೆಳಗ್ಗೆಯೇ ಬಳ್ಳಿಗೆ ಬಗ್ಗುವ ಸಂಸಾರವೇ ಇದಕ್ಕೆ ಬೇಕು. ದರ್ಜೆ ನಿರ್ಧರಿಸುವ ಜರಡಿ ಕಂಪನಿಯ ಕೈಯಲ್ಲಿರುತ್ತದೆ, ನಷ್ಟದ ವರ್ಷ ರೈತನ ತಲೆಯ ಮೇಲಿರುತ್ತದೆ ಎಂಬ ದೂರುಗಳಿಗೆ ಕೊನೆಯಿಲ್ಲ. ಆದರೂ ಪಹಣಿ ಅವನ ಹೆಸರಿನಲ್ಲೇ ಇರುತ್ತದೆ, ಮುಂದಿನ ವರ್ಷ ಟೊಮೇಟೊ ಹಾಕುತ್ತೇನೆ ಎನ್ನುವ ಬಾಯಿ ಅವನಿಗೆ ಉಳಿದಿರುತ್ತದೆ. ಯಂತ್ರದಿಂದ ಉಳುವ, ಕೊಯ್ಯುವ ಧಾನ್ಯಕ್ಕೋ, ನೆಟ್ಟು ಹದಿನೈದು ವರ್ಷ ಕಾಯುವ ಮರಕ್ಕೋ ಇಂಥ ಸಂಸಾರ ಬೇಡ, ಬರಿಯ ನೆಲ ಸಾಕು. ಕಂಪನಿ ಯಾವ ಬೆಳೆಗಾಗಿ ಬರುತ್ತಿದೆ ಎಂದು ಮೊದಲು ಕೇಳಬೇಕಾದದ್ದು ಈ ಕಾರಣಕ್ಕೆ.

ಮಾರಿದವರೆಲ್ಲ ಹಾಳಾದರು ಎನ್ನುವುದೂ ಸರಿಯಲ್ಲ. ಇಲ್ಲಿ ಒಂದು ಎಕರೆ ಮಾರಿ ಗೌರಿಬಿದನೂರಿನಾಚೆ, ಪಾವಗಡದ ಕಡೆ ಮೂರು ಎಕರೆ ಕೊಂಡು ಹೊಸದಾಗಿ ಬಾವಿ ತೋಡಿಸಿದವರಿದ್ದಾರೆ. ಅಲ್ಲಿ ಅವರಿಗೆ ಜಾಗ ಬಿಟ್ಟುಕೊಟ್ಟವರು ಎಲ್ಲಿ ಹೋದರೆಂಬುದು ಇನ್ನೊಂದು ಕಥೆ. ಹೆಚ್ಚಿನವರ ಹಣ ಸಾಲಕ್ಕೆ, ಮನೆಗೆ, ಮದುವೆಗೆ, ಅಣ್ಣತಮ್ಮಂದಿರ ಪಾಲಿಗೆ ಹಂಚಿಹೋಗುತ್ತದೆ. ದೇಶದ ಹಿಡುವಳಿಗಳಲ್ಲಿ ಶೇ. 86ರಷ್ಟು ಎರಡು ಹೆಕ್ಟೇರಿಗಿಂತ ಚಿಕ್ಕವು; ಅಷ್ಟು ಚಿಕ್ಕದನ್ನು ಮಾರಿ ಬಂದ ಹಣ ಎಷ್ಟೇ ದೊಡ್ಡದಾಗಿ ಕಂಡರೂ ಭಾಗವಾಗುವಾಗ ಚಿಕ್ಕದಾಗಿಬಿಡುತ್ತದೆ. ಈ ಯಾವುದೂ ಜಾಗತಿಕ ಲೆಕ್ಕಕ್ಕೆ ಸಿಗುವುದಿಲ್ಲ. ಬೃಹತ್ ಭೂ ಒಪ್ಪಂದಗಳನ್ನು ದಾಖಲಿಸುವ ಲ್ಯಾಂಡ್ ಮ್ಯಾಟ್ರಿಕ್ಸ್ ಎಂಬ ದತ್ತಾಂಶಕೋಶ ಎಣಿಸುವುದು 200 ಹೆಕ್ಟೇರ್, ಅಂದರೆ ಸುಮಾರು 500 ಎಕರೆ ಮತ್ತು ಅದಕ್ಕಿಂತ ದೊಡ್ಡದನ್ನು. ಗಂಬೆಲ್ಲಾ ಅಲ್ಲಿ ಎದ್ದು ಕಾಣುತ್ತದೆ. ನಲವತ್ತು ಎಕರೆಯ ಹರವುಗಳು ನೂರಿದ್ದರೂ ಕಾಣುವುದಿಲ್ಲ.

ದೊಡ್ಡಬಳ್ಳಾಪುರದ ಕಡೆ ನಮ್ಮ ಚಿಕ್ಕಪ್ಪನದು ಅಂಥ ಒಂದು ಹರವಿನ ನಡುವೆ ಉಳಿದ ಒಂದೂವರೆ ಎಕರೆ. ಮುಕ್ಕಾಲು ಭಾಗ ರಾಗಿ, ಉಳಿದದ್ದರಲ್ಲಿ ಸೇವಂತಿಗೆ. ಸುತ್ತಲಿನ ಆರು ಜನ ಮಾರಿದ ಮೇಲೆ ಬಂಡಿದಾರಿಗೆ ಗೇಟು ಬಿತ್ತು. ಕೇಳಲು ಹೋದಾಗ ತೋಟದ ಮೇಲ್ವಿಚಾರಕ ಹುಡುಗ ಮರ್ಯಾದೆಯಿಂದಲೇ, “ನಕಾಶೆ ತಗೊಂಡು ಬನ್ನಿ ಯಜಮಾನ್ರೇ” ಎಂದನಂತೆ. ಗ್ರಾಮನಕಾಶೆಯಲ್ಲಿ ದಾರಿ ಜೋಡಿ ಚುಕ್ಕೆಗೆರೆಯಾಗಿ ಸ್ಪಷ್ಟವಾಗಿತ್ತು. ತಹಶೀಲ್ದಾರರಿಗೆ ಅರ್ಜಿ ಕೊಟ್ಟು, ಸರ್ವೆಯವರು ಬಂದು ಸರಪಳಿ ಎಳೆಯುವಷ್ಟರಲ್ಲಿ ಎರಡು ಸುಗ್ಗಿ ಕಳೆದವು. ಆ ಎರಡು ವರ್ಷ ರಾಗಿಯ ಹೊರೆ ಹಳ್ಳದ ಸುತ್ತು ಬಳಸಿ ತಲೆಯ ಮೇಲೆ ಮನೆ ಸೇರಿತು. ಕೊನೆಗೆ ದಾರಿ ಬಿಟ್ಟುಕೊಟ್ಟರು. ಸಂಜೆ ಆರಕ್ಕೆ ಗೇಟಿಗೆ ಬೀಗ ಹಾಕುವುದು ತೋಟದ ನಿಯಮ. ಚಿಕ್ಕಪ್ಪನ ಪಂಪ್‌ಸೆಟ್ಟಿಗೆ ತ್ರೀಫೇಸ್ ಕರೆಂಟು ಬರುವುದು ರಾತ್ರಿ ಹತ್ತರ ಮೇಲೆ.